ಹೆಪ್ಪು, ಹಿಟ್ಟು, ಹವೆ: ನೀಲಗಿರಿಯ ಅಡುಗೆಮನೆಯಲ್ಲಿ ಸೂಕ್ಷ್ಮಜೀವಿಗಳ ಪಾಠ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಂಜೆ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಹುದುಗಿ ಉಬ್ಬುತ್ತದೆ ಎಂದು ವಿಜ್ಞಾನದ ತರಗತಿಯಲ್ಲಿ ಹೇಳುವುದು ವಾಡಿಕೆ. ಮಸಿನಗುಡಿಯ ಮಗುವಿಗೆ ಈ ಮಾತು ಸಹಜವಾಗಿ ಒಪ್ಪಿಗೆಯಾಗುತ್ತದೆ. ಅದರ ಮನೆಯ ಪಾತ್ರೆಯಲ್ಲಿ ನಡೆಯುವುದೂ ಅದೇ. ಆದರೆ ಮಾರ್ಗಶಿರದ ಚಳಿಯಲ್ಲಿ ಉದಕಮಂಡಲದ ಮಗುವೊಂದು ಎದ್ದು ನಿಂತು, “ನಮ್ಮ ಮನೆಯಲ್ಲಿ ಹಾಗೆ ಆಗುವುದಿಲ್ಲ, ಮರುದಿನ ಮಧ್ಯಾಹ್ನವಾದರೂ ಹಿಟ್ಟು ಏಳುವುದಿಲ್ಲ” ಎಂದರೆ ಶಿಕ್ಷಕರು ಏನು ಹೇಳಬೇಕು?

ಇಲ್ಲಿ ಎರಡು ದಾರಿಗಳಿವೆ. ಮಗುವನ್ನು ಕುಳ್ಳಿರಿಸಿ ಪಾಠ ಮುಂದುವರಿಸುವುದು ಒಂದು. ಹಾಗೆ ಮಾಡಿದಲ್ಲಿ, ವಿಜ್ಞಾನವೆಂಬುದು ಬೇರೆ ಯಾವುದೋ ಊರಿಗೆ ಸಂಬಂಧಿಸಿದ್ದು, ತನ್ನ ಮನೆಯ ಅನುಭವ ಅದರಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನೇ ಆ ಮಗು ಕಲಿಯುತ್ತದೆ. ಮತ್ತೊಂದು ದಾರಿ, ಆ ಪ್ರಶ್ನೆಯನ್ನೇ ಪಾಠವನ್ನಾಗಿಸುವುದು. ಸಮುದ್ರಮಟ್ಟದಿಂದ ಸುಮಾರು 2240 ಮೀಟರು ಎತ್ತರದ ಉದಕಮಂಡಲ, ಅದರ ಅರ್ಧದಷ್ಟೂ ಎತ್ತರವಿಲ್ಲದ ಗೂಡಲೂರು ಮತ್ತು ಮಸಿನಗುಡಿ, ಇವು ಮೂರೂ ಒಂದೇ ಜಿಲ್ಲೆಯಲ್ಲಿರುವುದು ಶಿಕ್ಷಕರಿಗೆ ದೊರೆತ ಭಾಗ್ಯ. ಒಂದೇ ಹಿಟ್ಟು ಮೂರು ಊರುಗಳಲ್ಲಿ ಮೂರು ಬಗೆಯಾಗಿ ನಡೆದುಕೊಳ್ಳುವುದೇಕೆ ಎಂಬುದನ್ನು ಅರಿತ ವಿದ್ಯಾರ್ಥಿಯು ಆಹಾರ ಹುದುಗುವುದೇಕೆ, ಹಳಸುವುದೇಕೆ, ಕೆಲವೊಮ್ಮೆ ವಿಷವಾಗುವುದೇಕೆ ಎಂಬುದನ್ನೂ ಅರಿಯಬಲ್ಲನು. ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಎಡೆಯಲ್ಲಿದೆ: ಆಹಾರದಲ್ಲಿ ಯಾವ ಸೂಕ್ಷ್ಮಜೀವಿಯು ಮೊದಲು ಬೆಳೆಯಿತು, ಅದಕ್ಕೆ ಎಷ್ಟು ಬಿಸುಪು ಮತ್ತು ಎಷ್ಟು ಹೊತ್ತು ದೊರೆಯಿತು ಎಂಬುದರಲ್ಲಿ.

1. ಕೂನೂರಿನ ಹೆಸರಿನಲ್ಲಿರುವ ಇತಿಹಾಸ

ಕೂನೂರಿನ ಪಾಶ್ಚರ್ ಸಂಸ್ಥೆಯನ್ನು ನೀಲಗಿರಿಯ ಮಕ್ಕಳೆಲ್ಲರೂ ಬಲ್ಲರು. 1907ರಲ್ಲಿ ಆರಂಭವಾದ ಈ ಸಂಸ್ಥೆಯು ಹುಚ್ಚುನಾಯಿ ಕಡಿತಕ್ಕೆ ನೀಡುವ ಲಸಿಕೆಯಿಂದ ಪ್ರಸಿದ್ಧವಾಯಿತು. ಆದುದರಿಂದ ಲೂಯಿ ಪಾಶ್ಚರ್ ಎಂದೊಡನೆ ರೇಬೀಸ್ ಲಸಿಕೆಯೇ ನೆನಪಿಗೆ ಬರುತ್ತದೆ. ಆದರೆ ಆತನು ಮೊದಲ ರೋಗಿಗೆ ಆ ಲಸಿಕೆಯನ್ನು ನೀಡಿದ್ದು 1885ರಲ್ಲಿ. ಅದಕ್ಕೂ ಸುಮಾರು ಮೂರು ದಶಕಗಳ ಹಿಂದೆಯೇ ಹುಳಿತ ಪದಾರ್ಥಗಳನ್ನು ಕುರಿತ ಆತನ ಸಂಶೋಧನೆಯು ಆರಂಭವಾಗಿತ್ತು.

ಫ್ರಾನ್ಸಿನ ಲೀಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದಾಗ, ಹಾಲು ಹುಳಿಯಾಗುವ ಕ್ರಿಯೆಯನ್ನು ಕುರಿತು ಆತನು 1857ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದನು. ಹುದುಗುವಿಕೆಯು ಕೇವಲ ರಾಸಾಯನಿಕ ವಿಘಟನೆ ಎಂದು ಅಂದಿನ ಹಲವು ರಸಾಯನಶಾಸ್ತ್ರಜ್ಞರು ತಿಳಿದಿದ್ದರು. ಅದು ಜೀವಂತ ಕಣಗಳ ಕೆಲಸವೆಂದೂ, ಒಂದೊಂದು ಬಗೆಯ ಹುದುಗುವಿಕೆಗೆ ಒಂದೊಂದು ಬಗೆಯ ಸೂಕ್ಷ್ಮಜೀವಿ ಕಾರಣವೆಂದೂ ಪಾಶ್ಚರ್ ತೋರಿಸಿದನು. ಮುಂದೆ ದ್ರಾಕ್ಷಾರಸವು ಕೆಡದಂತೆ ಅದನ್ನು ಮಿತವಾಗಿ ಕಾಯಿಸುವ ವಿಧಾನವನ್ನು ಕಂಡುಹಿಡಿದನು. ಇಂದು ಹಾಲಿನ ಪೊಟ್ಟಣದ ಮೇಲೆ ಕಾಣುವ ‘ಪಾಶ್ಚರೀಕರಿಸಿದ’ ಎಂಬ ಮಾತು ಅಲ್ಲಿಂದ ಬಂದುದು. ಒಂದು ಸೂಕ್ಷ್ಮಜೀವಿಯು ಹಾಲನ್ನು ಬದಲಿಸಬಲ್ಲದಾದರೆ ಮತ್ತೊಂದು ಮನುಷ್ಯನ ದೇಹವನ್ನೂ ಬದಲಿಸಬಹುದಲ್ಲವೇ ಎಂಬ ಯೋಚನೆಯೇ ರೋಗಾಣು ಸಿದ್ಧಾಂತಕ್ಕೆ ದಾರಿಮಾಡಿತು.

ಆಹಾರದ ವಿಜ್ಞಾನಕ್ಕೂ ಕೂನೂರಿಗೂ ಬೇರೊಂದು ನಂಟಿದೆ. 1918ರಲ್ಲಿ ಇದೇ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು ಬೆರಿಬೆರಿ ರೋಗವನ್ನು ಕುರಿತ ಶೋಧನೆಯನ್ನು ಆರಂಭಿಸಿದನು. ಆ ಒಂದು ಕೋಣೆಯು ಬೆಳೆದು ಪೌಷ್ಟಿಕ ಆಹಾರ ಸಂಶೋಧನಾಲಯವಾಯಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆ ಎಂದು ಹೆಸರಾಗಿದೆ. ಭಾರತೀಯರು ಉಣ್ಣುವ ಅನ್ನವನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ಪರೀಕ್ಷಿಸಿದ ಮೊದಲ ಊರುಗಳಲ್ಲಿ ಕೂನೂರು ಒಂದು ಎಂಬುದನ್ನು ಇಲ್ಲಿಯ ಮಕ್ಕಳು ತಿಳಿದಿರಬೇಕು.

2. ತೋಡರ ಪೆಪ್, ಕನ್ನಡಿಗರ ಹೆಪ್ಪು

ಪ್ರಯೋಗಾಲಯಗಳು ಬರುವುದಕ್ಕೆ ಬಹಳ ಹಿಂದೆಯೇ ಈ ಬೆಟ್ಟಗಳಲ್ಲಿ ಸೂಕ್ಷ್ಮಜೀವಿಗಳನ್ನು ಸಾಕುವ ಕಲೆಯಿತ್ತು. ಎಮ್ಮೆಗಳನ್ನೇ ಬಾಳಿನ ಕೇಂದ್ರವಾಗಿಸಿಕೊಂಡ ತೋಡ ಜನರ ಹಾಲುಮನೆಗಳು ಅವರಿಗೆ ದೇಗುಲಗಳೂ ಹೌದು. ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಮಾನವಶಾಸ್ತ್ರಜ್ಞನು 1901–02ರಲ್ಲಿ ಅವರ ನಡುವೆ ಅಧ್ಯಯನ ನಡೆಸಿ, 1906ರಲ್ಲಿ ಅವರನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಹಿಂದಿನ ಕಡೆತದ ಮಜ್ಜಿಗೆಯಲ್ಲಿ ಒಂದು ಪಾಲನ್ನು ಉಳಿಸಿ, ಹೊಸದಾಗಿ ಕರೆದ ಹಾಲಿಗೆ ಬೆರೆಸುವ ಪದ್ಧತಿಯನ್ನು ಆತನು ವಿವರವಾಗಿ ದಾಖಲಿಸಿದ್ದಾನೆ. ಹೀಗೆ ಬೆರೆಸುವ ಮಜ್ಜಿಗೆಗೆ ತೋಡರ ಮಾತಿನಲ್ಲಿ ‘ಪೆಪ್’ ಎಂದು ಹೆಸರು. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದುದನ್ನು ಬಲ್ಲ ಕನ್ನಡ ಶಿಕ್ಷಕರ ಕಿವಿಗೆ ಈ ‘ಪೆಪ್’ ಎಂಬುದು ‘ಹೆಪ್ಪು’ ಎಂಬಂತೆಯೇ ಕೇಳಿಸುವುದು ಸಹಜ.

ಪೆಪ್ಪಿನ ಪರಂಪರೆಯು ಮುರಿಯಬಾರದು. ಮುರಿದರೆ ಅಥವಾ ಕೆಟ್ಟರೆ ಹೊಸದನ್ನು ವಿಧಿಪೂರ್ವಕವಾಗಿ ಮಾಡಬೇಕು ಎಂಬುದು ಅವರ ಕಟ್ಟಳೆ. ಉನ್ನತ ದರ್ಜೆಯ ಹಾಲುಮನೆಗಳಲ್ಲಿ ಒಳಕೋಣೆಯ ಪಾತ್ರೆಗಳು ಬೇರೆ, ಹೊರಕೋಣೆಯ ಪಾತ್ರೆಗಳು ಬೇರೆ. ಒಳಗಿನದು ಹೊರಗಿನದನ್ನು ನೇರವಾಗಿ ಮುಟ್ಟದಂತೆ ನಡುವೆ ಮತ್ತೊಂದು ಪಾತ್ರೆಯನ್ನು ಬಳಸುತ್ತಿದ್ದರು. ಇದನ್ನು ಬೋಧಿಸುವಾಗ ಒಂದು ಎಚ್ಚರ ಅಗತ್ಯ. ತೋಡರು ಈ ನಿಯಮವನ್ನು ಪಾವಿತ್ರ್ಯದ ದೃಷ್ಟಿಯಿಂದ ಪಾಲಿಸಿದರೇ ಹೊರತು ಬ್ಯಾಕ್ಟೀರಿಯಗಳನ್ನು ಎಣಿಸಿ ಅಲ್ಲ. ಹಿರಿಯರಿಗೆ ಎಲ್ಲ ವಿಜ್ಞಾನವೂ ತಿಳಿದಿತ್ತು ಎಂದು ಹೇಳುವುದು ಸತ್ಯಕ್ಕೆ ದೂರ; ಅವರಿಗೆ ಏನೂ ತಿಳಿದಿರಲಿಲ್ಲ ಎನ್ನುವುದು ಇನ್ನೂ ದೂರ. ಒಳ್ಳೆಯ ಹೆಪ್ಪನ್ನು ಗುರುತಿಸುವುದು, ಅದನ್ನು ಪ್ರತ್ಯೇಕವಾಗಿ ಕಾಪಾಡುವುದು, ದಿನದಿಂದ ದಿನಕ್ಕೆ ದಾಟಿಸುವುದು ಇವು ನೋಡಿ ಕಲಿತ ಜ್ಞಾನ. ಇಂದಿನ ಹಾಲಿನ ಕಾರ್ಖಾನೆಗಳಲ್ಲಿ ಶುದ್ಧ ಕೃಷಿಕೆಯನ್ನು ಕಾಪಾಡುವವರು ಮಾಡುವ ಕೆಲಸವೂ ಮೂಲತಃ ಅದೇ.

ಮೊಸರಿನ ಪಾತ್ರೆಯೊಳಗೆ ನಡೆಯುವುದನ್ನು ಸರಳವಾಗಿ ಹೀಗೆ ವಿವರಿಸಬಹುದು. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಉಪಯೋಗಿಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಆಮ್ಲ ಹೆಚ್ಚಿದಂತೆ ಪಿಎಚ್ ಮೌಲ್ಯ ಇಳಿಯುತ್ತದೆ. ಅದು 4.6ರ ಸಮೀಪಕ್ಕೆ ಬಂದಾಗ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಕರಗಿದ ಸ್ಥಿತಿಯಲ್ಲಿ ಇರಲಾರದೆ ಗಟ್ಟಿಯಾಗುತ್ತದೆ. ಹೀಗೆ ಹಾಲು ಹೆಪ್ಪುಗಟ್ಟುತ್ತದೆ. ಆ ಹುಳಿಯಲ್ಲಿ ಅನೇಕ ಹಾನಿಕರ ಬ್ಯಾಕ್ಟೀರಿಯಗಳು ವೃದ್ಧಿಸಲಾರವು. ಒಂದು ಚಮಚ ಹೆಪ್ಪು ಹಾಕುವುದೆಂದರೆ, ಬೇಕಾದ ಜೀವಿಗಳ ಒಂದು ದೊಡ್ಡ ಸೈನ್ಯವನ್ನು ಇತರರಿಗಿಂತ ಮೊದಲೇ ಕೋಟೆಯೊಳಗೆ ಇಳಿಸುವುದು.

ಚಳಿಯಲ್ಲಿ ಈ ಸೈನ್ಯ ನಿಧಾನವಾಗುತ್ತದೆ. ಆದುದರಿಂದಲೇ ಉದಕಮಂಡಲ, ಕೋತಗಿರಿಯ ಮನೆಗಳಲ್ಲಿ ಮೊಸರಿನ ಪಾತ್ರೆಯನ್ನು ಒಲೆಯ ಬದಿಯಲ್ಲಿಡುವುದು, ಬಟ್ಟೆಯಲ್ಲಿ ಸುತ್ತಿಡುವುದು, ಹೆಪ್ಪನ್ನು ತುಸು ಹೆಚ್ಚಾಗಿ ಹಾಕುವುದು ರೂಢಿ. ಹೀಗೆ ಮಾಡದೆ ಬಹಳ ಹೊತ್ತು ತಣ್ಣನೆಯ ಜಾಗದಲ್ಲಿಟ್ಟರೆ, ಚಳಿಯನ್ನು ಸಹಿಸಬಲ್ಲ ಬೇರೆ ಬ್ಯಾಕ್ಟೀರಿಯಗಳಿಗೆ ಅವಕಾಶ ದೊರೆತು ಪ್ರೋಟೀನು ಒಡೆದು ಮೊಸರು ಕಹಿಯಾಗಬಹುದು. ಅಜ್ಜಿ ಹೇಳುವ “ಬೆಚ್ಚಗಿಡು” ಎಂಬ ಮಾತಿನ ವೈಜ್ಞಾನಿಕ ಅರ್ಥ ಇದು.

3. ಇಡ್ಲಿ ಹಿಟ್ಟಿನಲ್ಲಿ ಯಾರು ಮೊದಲು?

ಇಡ್ಲಿಯ ಇತಿಹಾಸದಲ್ಲಿ ಕನ್ನಡಕ್ಕೆ ವಿಶೇಷ ಸ್ಥಾನವಿದೆ. ಸುಮಾರು ಕ್ರಿ.ಶ. 920ರ ಕಾಲದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸುವ ಕ್ರಮ ಹೇಳಿದೆ. ಅಂದಿನ ಇಡ್ಡಲಿಗೆಯಲ್ಲಿ ಅಕ್ಕಿ ಇರಲಿಲ್ಲವೆಂಬುದನ್ನು ಆಹಾರ ಇತಿಹಾಸಕಾರರು ಗಮನಿಸಿದ್ದಾರೆ. ಇಂದಿನ ಇಡ್ಲಿಗೆ ಅಕ್ಕಿಯೂ ಬೇಕು, ದೀರ್ಘಕಾಲದ ಹುದುಗುವಿಕೆಯೂ ಬೇಕು.

ಆಧುನಿಕ ವಿಜ್ಞಾನವು ಇಡ್ಲಿ ಹಿಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದೇನು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಜಿನೀವಾ ಪಟ್ಟಣದ ಪ್ರಯೋಗ ಕೇಂದ್ರದಲ್ಲಿ ಮುಖರ್ಜಿ, ಸ್ಟೈನ್‌ಕ್ರೌಸ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನ 1965ರಲ್ಲಿ ಪ್ರಕಟವಾಯಿತು. ರೊಟ್ಟಿಯ ಹಿಟ್ಟನ್ನು ಉಬ್ಬಿಸುವುದು ಯೀಸ್ಟ್ ಎಂದು ಪಾಠಪುಸ್ತಕಗಳು ಹೇಳುತ್ತವೆ. ಇಡ್ಲಿ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡೀಸ್ ಎಂಬ ಬ್ಯಾಕ್ಟೀರಿಯ ಎಂದು ಈ ಅಧ್ಯಯನವು ತೋರಿಸಿತು. ಇದು ಉದ್ದು ಮತ್ತು ಅಕ್ಕಿಯ ಮೇಲೆ ಮೊದಲಿನಿಂದಲೂ ಇರುವ ಜೀವಿ. ಆದುದರಿಂದ ಇಡ್ಲಿ ಹಿಟ್ಟಿಗೆ ಪ್ರತ್ಯೇಕ ಹೆಪ್ಪು ಅನಿವಾರ್ಯವಲ್ಲ. ಕಾಳನ್ನು ನೆನೆಸಿದಾಗಲೇ ಅದು ವೃದ್ಧಿಸತೊಡಗುತ್ತದೆ. ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉತ್ಪಾದಿಸುತ್ತದೆ. ಅನಂತರ ಹುಳಿಯನ್ನು ಹೆಚ್ಚು ಸಹಿಸಬಲ್ಲ ಬೇರೆ ಬ್ಯಾಕ್ಟೀರಿಯಗಳು ತಲೆಯೆತ್ತಿ ಆಮ್ಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಒಬ್ಬರು ಹದಗೊಳಿಸಿದ ನೆಲದಲ್ಲಿ ಮತ್ತೊಬ್ಬರು ಬಿತ್ತಿದಂತೆ ಒಂದು ಜೀವಿಯ ಕೆಲಸವು ಮುಂದಿನದಕ್ಕೆ ದಾರಿಯಾಗುತ್ತದೆ. ಅಷ್ಟರಲ್ಲಿ ಹಿಟ್ಟಿನ ಪಿಎಚ್ 4.5ರ ಸಮೀಪಕ್ಕೆ ಇಳಿದಿರುತ್ತದೆ.

ಹಾಗಿದ್ದರೆ ಅನಿಲವು ಹಾರಿಹೋಗದೆ ಹಿಟ್ಟಿನಲ್ಲೇ ಉಳಿಯುವುದೇಕೆ? ಇಲ್ಲಿ ಉದ್ದಿನ ಪಾತ್ರ ಬರುತ್ತದೆ. ಉದ್ದಿನ ಪ್ರೋಟೀನುಗಳೂ ಅದರಲ್ಲಿರುವ ಲೋಳೆಯಂತಹ ಶರ್ಕರ ಪದಾರ್ಥವೂ ಸೇರಿ ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತವೆ. ಅಕ್ಕಿಯನ್ನು ಮಾತ್ರ ರುಬ್ಬಿಟ್ಟರೆ ಅದು ಹುಳಿಯಾಗಬಹುದು, ಆದರೆ ಹಾಗೆ ಉಬ್ಬಲಾರದು. ಬೇಳೆ ಕಡಿಮೆಯಾದರೆ ಇಡ್ಲಿ ಕಲ್ಲಾಗುತ್ತದೆ ಎಂಬ ಮಾತು ಮನೆಯ ಅನುಭವವೂ ಹೌದು, ಪ್ರಯೋಗಾಲಯದ ಅನುಭವವೂ ಹೌದು.

ಈಗ ಉದಕಮಂಡಲದ ಮಗುವಿನ ಪ್ರಶ್ನೆಗೆ ಉತ್ತರಿಸಬಹುದು. ಹಿಟ್ಟನ್ನು ಹುದುಗಿಸುವ ಬ್ಯಾಕ್ಟೀರಿಯಗಳಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಬೇಸಗೆಯ ಮಸಿನಗುಡಿಯಲ್ಲಿ ಅದು ತಾನಾಗಿಯೇ ದೊರೆಯುತ್ತದೆ. ಉದಕಮಂಡಲದಲ್ಲಿ ಚಳಿಗಾಲದ ರಾತ್ರಿ ಹೊರಗೆ ಇಬ್ಬನಿಯೇ ಹೆಪ್ಪುಗಟ್ಟುವಾಗ, ಒಲೆ ಆರಿದ ಅಡುಗೆಮನೆಯೂ ತಣ್ಣಗಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಜೀವಕ್ರಿಯೆಗಳ ವೇಗವು ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕವನ್ನು ಹಿಡಿದರೆ, ಅಲ್ಲಿ ಎಂಟು ಗಂಟೆಯಲ್ಲಿ ಆಗುವುದು ಇಲ್ಲಿ ಹದಿನಾರು ಗಂಟೆಯಾದರೂ ಆಗದಿರುವುದರಲ್ಲಿ ಆಶ್ಚರ್ಯವಿಲ್ಲ. ಮಗು ಹೇಳಿದ್ದು ಸರಿ. ಪಾಠದ ವಾಕ್ಯವೂ ಬಯಲುಸೀಮೆಗೆ ಸರಿ. ಎರಡನ್ನೂ ಸರಿಯಾಗಿಸುವ ನಿಯಮವನ್ನು ಕಂಡುಕೊಳ್ಳುವುದೇ ವಿಜ್ಞಾನ.

4. ಚಹಾ ಎಲೆಯ ‘ಹುದುಗುವಿಕೆ’

ನೀಲಗಿರಿಯ ಮಕ್ಕಳಿಗೆ ಚಹಾ ಕಾರ್ಖಾನೆಯ ಪರಿಮಳ ಪರಿಚಿತ. ಕಾರ್ಖಾನೆಯವರು ಎಲೆಯನ್ನು ಬಾಡಿಸಿ, ಹೊಸೆದು, ‘ಫರ್ಮೆಂಟೇಶನ್’ ಮಾಡುತ್ತೇವೆ ಎನ್ನುತ್ತಾರೆ. ಇದನ್ನು ಕೇಳಿದ ವಿದ್ಯಾರ್ಥಿಯು ಅಲ್ಲಿಯೂ ಬ್ಯಾಕ್ಟೀರಿಯಗಳೇ ಕೆಲಸ ಮಾಡುತ್ತವೆ ಎಂದು ಭಾವಿಸುವ ಸಂಭವವಿದೆ. ಕಪ್ಪು ಚಹಾದ ಮಟ್ಟಿಗೆ ಇದು ತಪ್ಪು ತಿಳಿವಳಿಕೆ.

ಎಲೆಯನ್ನು ಹೊಸೆದಾಗ ಅದರ ಕೋಶಗಳು ಒಡೆಯುತ್ತವೆ. ಎಲೆಯಲ್ಲೇ ಇರುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಕ್ಯಾಟೆಚಿನ್‌ಗಳೆಂಬ ಪದಾರ್ಥಗಳನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸುತ್ತದೆ. ಆಗ ಚಹಾಕ್ಕೆ ಹೊಳಪನ್ನೂ ಕೆಂಪು ಬಣ್ಣವನ್ನೂ ಕೊಡುವ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಸಂಯುಕ್ತಗಳು ಉಂಟಾಗುತ್ತವೆ. ಬಿಸಿಗಾಳಿಯಲ್ಲಿ ಒಣಗಿಸಿದೊಡನೆ ಕಿಣ್ವವು ನಾಶವಾಗಿ ಕ್ರಿಯೆ ನಿಲ್ಲುತ್ತದೆ. ಕೊಯ್ದಿಟ್ಟ ಸೇಬು ಕಂದಾಗುವುದೂ ಇದೇ ಬಗೆಯ ಕ್ರಿಯೆ. ಹೆಸರು ಹಳೆಯ ಕಾಲದ್ದು, ಕೆಲಸ ಆಕ್ಸಿಡೀಕರಣದ್ದು. ಒಂದೇ ಪದವು ಎರಡು ಬೇರೆ ಕ್ರಿಯೆಗಳಿಗೆ ಅಂಟಿಕೊಂಡಿರುವಾಗ ಪದಕ್ಕಿಂತ ಕ್ರಿಯೆಯನ್ನು ನೋಡಬೇಕು ಎಂಬ ವಿವೇಕವನ್ನು ಬೆಳೆಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿ ಬೇರೊಂದಿಲ್ಲ. ಭಾಷೆಯ ಶಿಕ್ಷಕರೂ ವಿಜ್ಞಾನದ ಶಿಕ್ಷಕರೂ ಕೂಡಿ ಈ ಪಾಠವನ್ನು ಮಾಡಬಹುದು.

5. ಎತ್ತರದಲ್ಲಿ ಕುದಿಯುವ ನೀರು

ಹುದುಗಿದ ಹಿಟ್ಟು ಒಲೆಗೆ ಏರುತ್ತದೆ. ಅಲ್ಲಿಯೂ ಎತ್ತರವು ತನ್ನ ಪ್ರಭಾವವನ್ನು ತೋರುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂಬುದು ಸಮುದ್ರಮಟ್ಟದ ಮಾತು. ಸುಮಾರು 300 ಮೀಟರು ಏರಿದಂತೆ ಕುದಿಬಿಂದುವು ಒಂದೊಂದು ಡಿಗ್ರಿಯಷ್ಟು ಇಳಿಯುತ್ತದೆ. ಅದರಂತೆ ಮಸಿನಗುಡಿ, ಗೂಡಲೂರುಗಳಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೂ ಉದಕಮಂಡಲದಲ್ಲಿ 92–93 ಡಿಗ್ರಿಯಲ್ಲೂ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಅಲ್ಲಿ ಬಹಳ ಹೊತ್ತು ಬೇಕಾಗುವುದೂ, ಇಡ್ಲಿಯನ್ನು ಇನ್ನೂ ಕೆಲವು ನಿಮಿಷ ಬೇಯಿಸಬೇಕಾಗುವುದೂ ಇದೇ ಕಾರಣದಿಂದ.

ಈ ಇಳಿಕೆಯಿಂದ ಕಾಯಿಸಿದ ನೀರು ಅಸುರಕ್ಷಿತವಾಗುತ್ತದೆಯೇ ಎಂಬ ಸಂದೇಹ ಸಹಜ. ಹಾಲನ್ನು ಪಾಶ್ಚರೀಕರಿಸಲು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು. ಆದುದರಿಂದ 92 ಡಿಗ್ರಿಯೂ ಬಹುತೇಕ ರೋಗಾಣುಗಳನ್ನು ಕೊಲ್ಲುವಷ್ಟು ಬಿಸಿಯೇ. ಆದರೂ ಕುಡಿಯುವ ನೀರನ್ನು ತಗ್ಗುಪ್ರದೇಶದಲ್ಲಿ ಒಂದು ನಿಮಿಷವೂ, ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷವೂ ಚೆನ್ನಾಗಿ ಕುದಿಸಬೇಕೆಂಬುದು ಆರೋಗ್ಯ ತಜ್ಞರ ಸಲಹೆ. ಉದಕಮಂಡಲದ ಶಾಲೆಗಳು ಎರಡನೆಯ ಗುಂಪಿಗೆ ಸೇರುತ್ತವೆ. ಮೊದಲ ಗುಳ್ಳೆ ಕಂಡೊಡನೆ ಒಲೆಯನ್ನು ಆರಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು.

6. ಹುಳಿಯ ರಕ್ಷಣೆ ಎಲ್ಲಿಯವರೆಗೆ?

ಹುದುಗುವಿಕೆಯ ಗುಣಗಾನದಲ್ಲಿಯೇ ಪಾಠವನ್ನು ಮುಗಿಸುವುದು ಅಪಾಯಕರ. ಸೂಕ್ಷ್ಮಜೀವಿಗಳಲ್ಲಿ ಬಿಸಿಗೂ ಅಂಜದ ಕೆಲವಿವೆ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯವು ಬೀಜಾಣುಗಳ ರೂಪವನ್ನು ತಾಳಬಲ್ಲದು. ಅನ್ನ ಬೆಂದರೂ ಆ ಬೀಜಾಣುಗಳು ಸಾಯದೆ ಉಳಿಯಬಹುದು. ಬೆಂದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಉಗುರುಬೆಚ್ಚಗೆ ಗಂಟೆಗಟ್ಟಲೆ ಬಿಟ್ಟರೆ ಅವು ಮೊಳೆತು, ವೃದ್ಧಿಸಿ, ವಾಂತಿ ತರಿಸುವ ವಿಷವನ್ನು ಉಂಟುಮಾಡಬಹುದು. ಆ ವಿಷವು ಮತ್ತೆ ಬಿಸಿಮಾಡುವುದರಿಂದ ನಾಶವಾಗುವುದಿಲ್ಲ. ಅಡುಗೆಯವರ ಕೈಯ ಹುಣ್ಣಿನಿಂದಲೋ ಮೂಗಿನಿಂದಲೋ ಆಹಾರವನ್ನು ಸೇರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಉಂಟುಮಾಡುವ ವಿಷವೂ ಹಾಗೆಯೇ ಬಿಸಿಯನ್ನು ತಡೆದುಕೊಳ್ಳಬಲ್ಲದು.

ಈ ಸಂಗತಿಯು ಶಾಲೆಗೆ ನೇರವಾಗಿ ಸಂಬಂಧಿಸಿದೆ. ತಮಿಳುನಾಡಿನ ಶಾಲೆಗಳಲ್ಲಿ 1982ರಿಂದ ವಿಸ್ತಾರಗೊಂಡ ಪೌಷ್ಟಿಕ ಊಟದ ಯೋಜನೆಯೂ, 2022ರಲ್ಲಿ ಆರಂಭವಾದ ಬೆಳಗಿನ ಉಪಾಹಾರ ಯೋಜನೆಯೂ ಮಕ್ಕಳ ಹಸಿವನ್ನು ನೀಗಿಸುತ್ತಿವೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡುವುದು ಶಾಲೆಗಳಲ್ಲಿ ನಡೆದುಬಂದ ಒಳ್ಳೆಯ ಕ್ರಮ. ಉಪ್ಪು, ಖಾರ, ಸೀದ ವಾಸನೆ, ಹಳಸಿದ ವಾಸನೆ ಇವು ಇದರಿಂದ ತಿಳಿಯುತ್ತವೆ. ಆದರೆ ಮೇಲೆ ಹೇಳಿದ ವಿಷಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಚೆನ್ನಾಗಿರುವಂತೆ ತೋರುವ ಅನ್ನವೂ ಮಕ್ಕಳನ್ನು ಹಾಸಿಗೆ ಹಿಡಿಸಬಹುದು. ಆದುದರಿಂದ ರುಚಿ ನೋಡುವುದು ಅಗತ್ಯ, ಅದಷ್ಟೇ ಸಾಲದು. ಅಡುಗೆ ಯಾವಾಗ ಇಳಿಯಿತು, ಯಾವಾಗ ಬಡಿಸಲಾಯಿತು ಎಂಬ ಹೊತ್ತನ್ನು ಕೇಳುವುದೂ ಅಷ್ಟೇ ಮುಖ್ಯ.

ಹೊತ್ತು ಏಕೆ ಮುಖ್ಯ ಎಂಬುದನ್ನು ಗಣಿತದ ಪಾಠದಲ್ಲಿ ತೋರಿಸಬಹುದು. ಹಿತವಾದ ಬಿಸುಪಿನಲ್ಲಿ ಒಂದು ಬ್ಯಾಕ್ಟೀರಿಯವು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ ಎಂದಿಟ್ಟುಕೊಂಡರೆ, ಮೂರು ಗಂಟೆಯಲ್ಲಿ ಒಂಬತ್ತು ಸಲ ಇಮ್ಮಡಿಯಾಗಿ ಒಂದು 512 ಆಗುತ್ತದೆ. ಆರು ಗಂಟೆಯಲ್ಲಿ ಅದು 2,62,144 ಆಗುತ್ತದೆ. ಹೊತ್ತು ಇಮ್ಮಡಿಯಾದಾಗ ಸಂಖ್ಯೆ ಇಮ್ಮಡಿಯಾಗಲಿಲ್ಲ, ಐನೂರು ಮಡಿಗೂ ಮಿಕ್ಕಿ ಬೆಳೆಯಿತು ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಿ ಕಾಣಲಿ.

ಹಾಗಾದರೆ ತಂಗಳನ್ನವನ್ನು ತಲೆಮಾರುಗಳಿಂದ ಉಂಡುಬಂದವರಿಗೆ ಏನೆಂದು ಹೇಳುವುದು? ನೀರೆರೆದು ಇರಿಸಿದ ಅನ್ನದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಬೆಳೆದು ಹುಳಿಯಾಗುತ್ತದೆ. ಆ ಹುಳಿಯು ಇತರ ಜೀವಿಗಳನ್ನು ತಡೆಯುತ್ತದೆ. ರಾಗಿ ಅಂಬಲಿಯಲ್ಲಿಯೂ ಹೀಗೆಯೇ. ಹುಳಿಯಾಗುವಾಗ ರಾಗಿಯಲ್ಲಿನ ಫೈಟೇಟ್ ಎಂಬ ಪದಾರ್ಥ ಕಡಿಮೆಯಾಗಿ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಪಾತ್ರೆ ಶುದ್ಧವಾಗಿದ್ದು, ನೀರು ಶುದ್ಧವಾಗಿದ್ದು, ಅನ್ನವು ಬೇಗನೆ ಆರಿ, ಹುಳಿಯು ಕ್ರಮವಾಗಿ ಏರಿದರೆ ಮಾತ್ರ ಈ ರಕ್ಷಣೆ. ನೀರೆರೆಯದೆ ಮುಚ್ಚಿಟ್ಟ ಬೆಚ್ಚನೆಯ ಅನ್ನಕ್ಕೆ ಆ ರಕ್ಷಣೆ ಇಲ್ಲ. ಒಂದೇ ಅಕ್ಕಿ, ಒಂದೇ ರಾತ್ರಿ. ಯಾರು ಮೊದಲು ಬೆಳೆದರು ಎಂಬುದರಲ್ಲಿ ವ್ಯತ್ಯಾಸ.

ಜೇನಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕುರುಂಬರೂ ಇರುಳರೂ ಬಂಡೆಗಳಿಂದ ಇಳಿಸುವ ಕಾಡುಜೇನು ನೀಲಗಿರಿಯ ಹೆಮ್ಮೆ. ಜೇನಿನಲ್ಲಿ ಸೂಕ್ಷ್ಮಜೀವಿಗಳಿಗೆ ದೊರೆಯುವ ನೀರು ಅತ್ಯಲ್ಪವಾದುದರಿಂದ ಅದು ಬಹುಕಾಲ ಕೆಡುವುದಿಲ್ಲ. ಆದರೆ ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಮಲಗಿದಂತೆ ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ಎಳೆಗೂಸಿನ ಕರುಳಿನಲ್ಲಿ ಮೊಳೆತು ನರಗಳನ್ನು ಕುಂದಿಸುವ ವಿಷವನ್ನು ಉಂಟುಮಾಡಬಹುದು. ಆದುದರಿಂದ ಒಂದು ವರ್ಷ ತುಂಬದ ಮಗುವಿನ ನಾಲಗೆಗೆ ಜೇನನ್ನು ಸವರಬಾರದು. ಪೋಷಕರ ಸಭೆಯಲ್ಲಿ ಈ ಒಂದು ಮಾತನ್ನು ಹೇಳಿದರೂ ಶಿಕ್ಷಕರ ಶ್ರಮ ಸಾರ್ಥಕ. ಹಸಿ ಹಾಲನ್ನು ಕಾಯಿಸದೆ ಕುಡಿಯಬಾರದು ಎಂಬುದನ್ನೂ ಇದರೊಡನೆ ಹೇಳಬೇಕು. ಬ್ರುಸೆಲ್ಲೋಸಿಸ್, ಕ್ಷಯ ಮುಂತಾದ ರೋಗಗಳು ದನದ ಹಸಿ ಹಾಲಿನಿಂದ ಮನುಷ್ಯರಿಗೆ ಹರಡಬಲ್ಲವು.

ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಹೇಳಿದೆ: ಶುಚಿಯಾಗಿರುವುದು, ಹಸಿಯದನ್ನೂ ಬೆಂದುದನ್ನೂ ಬೇರೆಯಾಗಿಡುವುದು, ಚೆನ್ನಾಗಿ ಬೇಯಿಸುವುದು, ಆಹಾರವನ್ನು ಸುರಕ್ಷಿತ ಉಷ್ಣತೆಯಲ್ಲಿಡುವುದು, ಶುದ್ಧ ನೀರನ್ನೂ ಒಳ್ಳೆಯ ಸಾಮಗ್ರಿಯನ್ನೂ ಬಳಸುವುದು. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯು ಅಪಾಯದ ವಲಯ. ಬೆಂದ ಆಹಾರವನ್ನು ಈ ವಲಯದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಉದಕಮಂಡಲದ ಚಳಿಯೂ ಬಹುತೇಕ ಈ ವಲಯದ ಒಳಗೇ ಇದೆ ಎಂಬುದನ್ನು ಮರೆಯಬಾರದು; ಅಲ್ಲಿ ಆಹಾರ ನಿಧಾನವಾಗಿ ಕೆಡುತ್ತದೆ, ಕೆಡದೇ ಇರುವುದಿಲ್ಲ.

7. ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆಗಳು

ಅ) ಮೂರು ಊರುಗಳ ಹಿಟ್ಟು: ಉದಕಮಂಡಲ, ಗೂಡಲೂರು, ಮಸಿನಗುಡಿ ಶಾಲೆಗಳ ವಿದ್ಯಾರ್ಥಿಗಳು ಒಂದೇ ಅಳತೆಯ ಅಕ್ಕಿ, ಉದ್ದು ಮತ್ತು ನೀರಿನಿಂದ ಹಿಟ್ಟನ್ನು ಸಿದ್ಧಪಡಿಸಲಿ. ಪಾರದರ್ಶಕ ಪಾತ್ರೆಯಲ್ಲಿ ಅರ್ಧದವರೆಗೆ ಸುರಿದು ಗುರುತು ಹಾಕಲಿ. ಶಾಲೆಯ ಅವಧಿಯಲ್ಲಿ ಎರಡು ಗಂಟೆಗೊಮ್ಮೆ ಹಿಟ್ಟಿನ ಎತ್ತರವನ್ನೂ ಕೋಣೆಯ ಉಷ್ಣತೆಯನ್ನೂ ಬರೆದಿಡಲಿ. ಶಾಲೆಗಳು ಪತ್ರದ ಮೂಲಕ ಫಲಿತಾಂಶಗಳನ್ನು ವಿನಿಮಯ ಮಾಡಿಕೊಂಡು ನಕ್ಷೆಯನ್ನು ಬರೆಯಲಿ. ಅನಿಲ ತುಂಬಿ ಪಾತ್ರೆ ಒಡೆಯದಂತೆ ಮುಚ್ಚಳವನ್ನು ಸಡಿಲವಾಗಿಡಬೇಕು. ಪ್ರಯೋಗದ ಹಿಟ್ಟನ್ನು ತಿನ್ನಬಾರದು.

ಆ) ಹುಳಿಯನ್ನು ಅಳೆಯುವುದು: ನೀಲಗಿರಿಯಲ್ಲಿ ಬೆಳೆಯುವ ನೇರಳೆ ಎಲೆಕೋಸನ್ನು ಬಿಸಿನೀರಿನಲ್ಲಿ ನೆನೆಸಿದರೆ ಒಳ್ಳೆಯ ಸೂಚಕ ದೊರೆಯುತ್ತದೆ. ಹಾಲು, ಮೊಸರು, ಆಗ ತಾನೇ ರುಬ್ಬಿದ ಹಿಟ್ಟು, ಹುದುಗಿದ ಹಿಟ್ಟು ಇವುಗಳಿಗೆ ಕೆಲವು ಹನಿ ಬೆರೆಸಿ ಬಣ್ಣವನ್ನು ಹೋಲಿಸಬೇಕು. ಆಮ್ಲ ಹೆಚ್ಚಿದ್ದಲ್ಲಿ ಬಣ್ಣವು ಕೆಂಪಿನ ಕಡೆಗೆ ತಿರುಗುತ್ತದೆ.

ಇ) ಕುದಿಬಿಂದು: ಶಿಕ್ಷಕರೇ ನೀರನ್ನು ಕುದಿಸಿ ಪ್ರಯೋಗಾಲಯದ ಉಷ್ಣತಾಮಾಪಕದಿಂದ ಅಳೆದು ತೋರಿಸಬೇಕು. ತಮ್ಮ ಊರಿನ ಅಂಕಿಯನ್ನು ವಿದ್ಯಾರ್ಥಿಗಳು ಗೋಡೆಯ ಮೇಲೆ ಬರೆದು ಅಂಟಿಸಲಿ.

ಈ) ಕೈ ಮತ್ತು ಬ್ರೆಡ್ಡು: ತೊಳೆಯದ ಕೈಯಿಂದ ಮುಟ್ಟಿದ ಒಂದು ಬ್ರೆಡ್ ಚೂರನ್ನೂ, ಸಾಬೂನಿನಿಂದ ತೊಳೆದ ಕೈಯಿಂದ ಮುಟ್ಟಿದ ಇನ್ನೊಂದನ್ನೂ ಪಾರದರ್ಶಕ ಚೀಲಗಳಲ್ಲಿಟ್ಟು ಮುಚ್ಚಿ, ಒಂದು ವಾರ ಗಮನಿಸಬೇಕು. ಚೀಲಗಳನ್ನು ತೆರೆಯದೆಯೇ ವಿಲೇವಾರಿ ಮಾಡಬೇಕು.

ಉ) ಮಾತುಗಳ ಸಂಗ್ರಹ: ಕನ್ನಡದ ಹೆಪ್ಪು, ತಮಿಳಿನ ಉರೈ, ತೋಡರ ಪೆಪ್ ಇವುಗಳಂತೆ ಹುಳಿ, ಹಳಸು, ಹುದುಗು, ಕಹಿ ಎಂಬ ಅರ್ಥಗಳಿಗೆ ತಮ್ಮ ಮನೆಮಾತಿನಲ್ಲಿರುವ ಪದಗಳನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ತರಲಿ. ಬಡಗ, ಇರುಳ, ಕುರುಂಬ ಮನೆಗಳ ಮಕ್ಕಳು ತರುವ ಪದಗಳಿಗೂ ಕರಿಹಲಗೆಯ ಮೇಲೆ ಸಮಾನ ಸ್ಥಾನವಿರಲಿ.

ಈ ಚಟುವಟಿಕೆಗಳಿಗೆ ಸೂಕ್ತವಾದ ಒಂದು ದಿನ ಜೂನ್ 7. 2019ರಿಂದ ಅದನ್ನು ವಿಶ್ವ ಆಹಾರ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತಿದೆ. ಅದು ಶಾಲೆಗಳು ತೆರೆಯುವ ಕಾಲಕ್ಕೂ ಗೂಡಲೂರಿನಲ್ಲಿ ಮಳೆ ಹಿಡಿಯುವ ಕಾಲಕ್ಕೂ ಸಮೀಪವಾದುದು. ನೀರು ಕಲುಷಿತವಾಗುವ ಸಂಭವ ಹೆಚ್ಚಿರುವ ಆ ದಿನಗಳಲ್ಲಿ ಈ ಪಾಠವು ಪರೀಕ್ಷೆಗಿಂತ ಮೊದಲು ಬಾಳಿಗೆ ಒದಗುತ್ತದೆ.

ಉದಕಮಂಡಲದ ಮಗು ಎತ್ತಿದ ಆಕ್ಷೇಪಕ್ಕೆ ಕೊನೆಯಲ್ಲಿ ಮರಳಬಹುದು. “ನಮ್ಮ ಮನೆಯಲ್ಲಿ ಹಾಗೆ ಆಗುವುದಿಲ್ಲ” ಎಂದು ಹೇಳುವ ಧೈರ್ಯವೇ ವಿಜ್ಞಾನದ ಮೊದಲ ಹೆಜ್ಜೆ. ಆ ಮಗುವಿನ ಕೈಗೆ ಒಂದು ಉಷ್ಣತಾಮಾಪಕವನ್ನೂ ಒಂದು ಗುರುತು ಹಾಕಿದ ಪಾತ್ರೆಯನ್ನೂ ಕೊಟ್ಟು, “ಎಷ್ಟು ಹೊತ್ತಿಗೆ ಆಗುತ್ತದೆ, ನೋಡಿ ಹೇಳು” ಎನ್ನುವ ಶಿಕ್ಷಕರು ಇರುವ ಶಾಲೆಯಲ್ಲಿ, ನಾಳೆ ಉಗುರುಬೆಚ್ಚಗಿನ ಅನ್ನದ ಪಾತ್ರೆಯನ್ನು ಕಂಡಾಗ “ಇದನ್ನು ಇಳಿಸಿ ಎಷ್ಟು ಹೊತ್ತಾಯಿತು?” ಎಂದು ಕೇಳುವವರೂ ಇರುತ್ತಾರೆ.